ತಮ್ಮನ ಪಾಲಿನ ಮಾಲಿ

ನಿಜಾಮನ ರಾಜ್ಯ ಹೋತು, ಕೆಂಭಾವಿಯ ಸೇಂದಿ ಅಂಗಡಿ ಹೋಗಲಿಲ್ಲ. ಕುಡಿಯೋದು ಬಿಟ್ಟವರೆಲ್ಲ ಏಕಾದಶಿ ಸಂಜಿಗೆ ಅಲ್ಲಿನ ವಿಠ್ಠಲನ ಗುಡಿಯಾಗ ಕೂಡ್ತಾರ, ಬಿಡಬೇಕನ್ನವರಿಗೆ ತುಳಸಿ ಮಾಲಿ ಹಾಕ್ತಾರ ಅಂತ ಕೇಳಿ ತಮ್ಮನ್ನ ಗಾಡಿಯಾಗ ಕರಕೊಂಡು ಹೋದೆ. ಗುಡಿ ಎಲ್ಲೈತಿ ಅಂತ ಕೇಳಾಕ ಆ ಅಂಗಡಿ ಮುಂದನ ಗಾಡಿ ನಿಲ್ಲಿಸಿದೆ. ತಮ್ಮ ಇಳಿದು ಒಳಗ ಹೋಗಿ ಕುಂತ, ಏನು ಮಾಡಿದ್ರೂ ಏಳಲಿಲ್ಲ.

ನಾನೊಬ್ಬನೇ ಗುಡಿಗೆ ಹೋದೆ. "ನನ್ನ ಸಲುವಾಗಿ ಅಲ್ರಿ, ತಮ್ಮನ ಸಲುವಾಗಿ ಬಂದೇನಿ," ಅಂದೆ.

ತಾಳ ಹಿಡಿದಿದ್ದ ಮುದುಕ ನಗಲಿಲ್ಲ. "ನಾನೂ ಮೊದಲನೇ ದಿನ ಅಣ್ಣನ ಸಲುವಾಗಿ ಬಂದೇನಿ ಅಂದಿದ್ದೆ. ನನಗ ಅಣ್ಣನೇ ಇಲ್ಲ. ನಾಚಬ್ಯಾಡಪಾ, ಕುಂದ್ರು."

ಎಷ್ಟು ಹೇಳಿದ್ರೂ ಯಾರೂ ನಂಬಲಿಲ್ಲ. ಮುದುಕನ ಕಣ್ಣಾಗ ನೀರು ನೋಡಿ ತಲಿ ಬಗ್ಗಿಸಿದೆ. ಮಾಲಿ ಕೊರಳಿಗೆ ಬಿತ್ತು.

ಅಂಗಡಿಗೆ ಹೊಳ್ಳಿ ಬಂದಾಗ ತಮ್ಮ ಅದನ್ನ ಮುಟ್ಟಿ ನೋಡಿ, "ಛಲೋ ಆತು ಬಿಡಣ್ಣ, ಮನ್ಯಾಗ ಒಬ್ಬರಾದ್ರೂ ಬಿಟ್ಟಂಗಾತು," ಅಂದ.

ಅವ ಸತ್ತು ಭಾಳ ವರ್ಷಾತು. ಹಾಕಿದ ಮಾಲಿ ತೆಗಿಯಂಗಿಲ್ಲ, ಹಾಕಿದವರು ಖಂಡ ತಿನ್ನಂಗಿಲ್ಲ. ಅವನ ದಿನ ಬಂದಾಗ ಎಡಿಗೆ ಖಂಡ ಇಡ್ತೀವಿ, ಸೇಂದಿನೂ ಇಡ್ತೀವಿ. ಸತ್ತವರಿಗೆ ಇಷ್ಟದ್ದ ಇಡಬೇಕಲ್ಲ. ಹುಟ್ಟಿದಾಗಿಂದ ಸೇಂದಿ ಮುಟ್ಟದ ನಾನು ಬಾಜೂಕ ಕುಂತು ಪುಂಡಿಪಲ್ಲೆ ತಿಂತೀನಿ.