ಗ್ಲೆನಿಸ್ ಹುಳು ಹಿಡಿದ ದಿನ

ನಮ್ಮೂರ ಬೇಕರಿಯಲ್ಲಿ ಗ್ಲೆನಿಸ್‌ಳನ್ನು ನೋಡದವರಿಲ್ಲ. ಮಾಂಸದ ಪೈಗಳನ್ನು ಒಲೆಯಿಂದ ತೆಗೆದು ಜೋಡಿಸುವ ಅವಳ ಕೈಗಳು ಬಿಸಿಗೆ ಹೆದರುವುದಿಲ್ಲ. ಆದರೆ ಕಡಲ ದಂಡೆಯಲ್ಲೇ ಹುಟ್ಟಿ ಬೆಳೆದು ಅರವತ್ತರ ಹತ್ತಿರ ಬಂದರೂ ಮೀನಿನ ಗಾಳಕ್ಕೆ ಸಿಕ್ಕಿಸಲು ಆ ಕೈಗಳಿಗೆ ಒಂದೇ ಒಂದು ಮರಳುಹುಳು ಸಿಕ್ಕಿರಲಿಲ್ಲ. ಅವಳ ಅಪ್ಪ ಹುಳು ಹಿಡಿಯುವುದನ್ನು ಗಂಡುಮಕ್ಕಳಿಗಷ್ಟೇ ಕಲಿಸಿದ್ದ. ಕೊಳೆತ ಮೀನು ತುಂಬಿದ ಚೀಲವನ್ನು ಒದ್ದೆ ಮರಳಿನ ಮೇಲೆ ಎಳೆದಾಡಿ, ಒಳಗಿರುವ ಹುಳುಗಳಿಗೆ ವಾಸನೆ ತೋರಿಸಿ ತಲೆ ಹೊರಗೆ ಬರುವಂತೆ ಮಾಡುವುದು ಹುಡುಗಿಯ ಪಾಲಿಗೆ ಬಂದ ಕೆಲಸ. ಮುಂದೆ ಗೆಳತಿ ಮಾರ್ಲೀನ್ ಜೊತೆ ಮೀನಿಗೆ ಹೋಗತೊಡಗಿದಾಗಲೂ ಹಾಗೆಯೇ ನಡೆಯಿತು. ಹಿಡಿಯುವವಳು ಮಾರ್ಲೀನ್, ಚೀಲ ಎಳೆಯುವವಳು ಇವಳು.

ಈ ಸಲ ಕ್ರಿಸ್ಮಸ್ಸಿನ ಮರುದಿನ, ಹಬ್ಬದಲ್ಲಿ ಉಳಿದ ಹಂದಿಮಾಂಸವನ್ನು ಬ್ರೆಡ್ಡಿನ ನಡುವೆ ಇಟ್ಟು ಕಟ್ಟಿಕೊಂಡು ಇಬ್ಬರೂ ದಂಡೆಗೆ ಬಂದರು. ಸಮುದ್ರ ದೂರ ಇಳಿದಿತ್ತು. ಭೂಮಿಯ ದಕ್ಷಿಣಕ್ಕಿರುವ ನಮ್ಮೂರಲ್ಲಿ ಡಿಸೆಂಬರ್ ಎಂದರೆ ಬೇಸಿಗೆ; ಬಿಸಿಲು ನೀರಿನ ಮೇಲೆ ಚೂರುಚೂರಾಗಿ ಹೊಳೆಯುತ್ತಿತ್ತು. ಕಾಣೆ ಮೀನು ದಡದ ಹತ್ತಿರವೇ ಬಂದಿದೆ ಎಂದು ಊರೆಲ್ಲ ಸುದ್ದಿ. ಆದರೆ ಮಾರ್ಲೀನಳ ಹೆಬ್ಬೆರಳಿಗೆ ಆಪರೇಷನ್ ಆಗಿ ದಪ್ಪನೆಯ ಪಟ್ಟಿ ಸುತ್ತಿತ್ತು.

"ಗಾಳ ಹೇಗೋ ಎಸೀತೀನಿ. ಹುಳ ಮಾತ್ರ ಆಗಲ್ಲ. ಇವತ್ತು ನೀನೇ ಹಿಡೀಬೇಕು ಕಣೆ," ಎಂದಳು ಮಾರ್ಲೀನ್.

"ನಾನಾ? ಅಂಗಡೀಲಿ ಐಸಲ್ಲಿಟ್ಟಿದ್ದು ಸಿಗುತ್ತಲ್ಲೇ!"

"ಥೂ, ಅದನ್ನ ಮೀನು ಮೂಸಿ ಕೂಡ ನೋಡಲ್ಲ. ನೀನು ಹಿಡಿದ್ರೆ ಮೀನು, ಇಲ್ದಿದ್ರೆ ಬ್ರೆಡ್ ತಿಂದು ಮನೆಗೆ."

ಗ್ಲೆನಿಸ್ ಚೀಲ ಎಳೆದಳು. ಅಲೆ ಹಿಂದೆ ಸರಿಯುವಾಗ ತೆಳುನೀರಿನಲ್ಲಿ ಸಣ್ಣದೊಂದು ಗೆರೆ ಮೂಡಿತು. ಹುಳುವಿನ ತಲೆ! ಅವಳು ಮಂಡಿಯೂರಿ ಮೀನಿನ ತುಂಡನ್ನು ಅದರ ಮುಂದೆ ಹಿಡಿದಳು. ಅದು ಕಚ್ಚಿತು. ಅವಳು ಗಬಕ್ಕನೆ ಕೈ ಹಾಕಿದಳು. ಬೆರಳ ತುಂಬ ಬರೀ ಮರಳು.

ಇನ್ನೊಂದು ಕಂಡಿತು. ಅದೂ ಹೋಯಿತು. ಆಮೇಲಿನದ್ದೂ ಹೋಯಿತು.

"ಕಚ್ಚಿದ ತಕ್ಷಣ ಅಲ್ಲ ಕಣೇ! ಕಚ್ಚಿ ಎಳೆಯುವಾಗ ಬೆನ್ನು ಬಿಲ್ಲಿನ ಥರ ಬಾಗುತ್ತೆ. ಆಗ ಹಿಂಡು."

"ಅಷ್ಟು ಹೊತ್ತು ನಂಗೆ ತಡೆಯೋಕಾಗಲ್ಲ!"

"ಹೌದಮ್ಮಾ, ಮದುವೇಲೂ ಪಾದ್ರಿ ಕೇಳೋ ಮುಂಚೆನೇ ಹೂಂ ಅಂದೋಳು ನೀನು."

ಗ್ಲೆನಿಸ್ ನಗಲಿಲ್ಲ. ನೀರು ಏರತೊಡಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಈ ಮರಳೆಲ್ಲ ಮುಳುಗುತ್ತದೆ. ಅಷ್ಟರಲ್ಲಿ ಮತ್ತೊಂದು ಗೆರೆ ಮೂಡಿತು. ಅವಳು ತುಂಡು ಹಿಡಿದಳು, ಹೆಬ್ಬೆರಳು ತೋರುಬೆರಳನ್ನು ಹುಳುವಿನ ಎರಡೂ ಬದಿ ಮರಳಿನೊಳಗೆ ಮೆಲ್ಲನೆ ಇಳಿಸಿದಳು. ಕಚ್ಚಿತು. ಬೆರಳು ಅಲುಗಲಿಲ್ಲ. ಹುಳು ತುಂಡನ್ನು ಜಗ್ಗಿತು. ನಿಧಾನಕ್ಕೆ ಅದರ ಬೆನ್ನು ಮೇಲೆದ್ದು ಬಾಗಿತು.

ಹಿಂಡಿದಳು.

"ಸಿಕ್ತು! ಮಾರ್ಲೀನ್, ಸಿಕ್ತು ಕಣೇ! ಎಳೀತಿದೆ!"

"ಬಿಡಬೇಡ! ಕೀಳಬೇಡ, ಕಿತ್ರೆ ತುಂಡಾಗುತ್ತೆ. ಹಾಗೇ ಒಂದೇ ಸಮ ಎಳಿ!"

ಅದು ಬಂದೇ ಬಂತು. ಮೊಣಕಾಲಿನಷ್ಟು ಉದ್ದ, ಸೊಂಟದಷ್ಟು ಉದ್ದ, ಇನ್ನೂ ಬಂತು. ಗ್ಲೆನಿಸ್ ಎದ್ದು ನಿಂತು ತೋಳು ಮೇಲೆತ್ತಿದಳು. ಒದ್ದೆಯಾಗಿ ಹೊಳೆಯುತ್ತಿದ್ದ ಆ ಉದ್ದನೆಯ ಹುಳು ಅವಳ ತಲೆಯ ಮಟ್ಟದಿಂದ ಪಾದದವರೆಗೂ ಜೋತಾಡಿತು. ಅವಳು ದಂಡೆಯಲ್ಲಿ ಕುಣಿದಳು. ದೂರದಲ್ಲಿ ನಾಯಿ ಅಡ್ಡಾಡಿಸುತ್ತಿದ್ದವರು ನಿಂತು ನೋಡಿದರು.

ಮಾರ್ಲೀನ್ ಅದನ್ನು ಜಾರದಂತೆ ಒಣಮರಳಿನಲ್ಲಿ ಹೊರಳಿಸಿ, ಒಂದು ಚೂರು ಕತ್ತರಿಸಿ ಗಾಳಕ್ಕೆ ಸಿಕ್ಕಿಸಿ ಎಸೆದಳು. ದಾರ ಬಿಗಿಯಾಗಲು ಹೊತ್ತು ಹಿಡಿಯಲಿಲ್ಲ. ಬೆಳ್ಳಿಯಂಥ ಕಾಣೆಯೊಂದು ನೊರೆಯಲ್ಲಿ ಪಟಪಟ ಬಡಿದುಕೊಳ್ಳುತ್ತ ಬಂತು.

"ಬಾರೇ, ನೀನೂ ಗಾಳ ಹಾಕು! ಮೀನು ಹಿಂಡುಗಟ್ಟಿ ಬಂದಿದೆ!"

ಗ್ಲೆನಿಸ್ ಆಗಲೇ ಮತ್ತೆ ಮಂಡಿಯೂರಿದ್ದಳು. ಅಲೆ ಅವಳ ಚಡ್ಡಿ ತೋಯಿಸಿ ಹೋಯಿತು.

"ಕೇಳಿಸ್ತಾ? ಮೀನು ಕಣೇ!"

"ಶ್! ಮೀನು ನೀನೇ ಹಿಡ್ಕೋ," ಎಂದಳು ಗ್ಲೆನಿಸ್, ತಲೆ ಎತ್ತದೆ. "ಇಲ್ಲೊಂದು ಬೆನ್ನು ಎತ್ತುತ್ತಾ ಇದೆ."