ಮುಂದಿನ ಸೋಮವಾರದ ಫೈಲುಗಳು

"ನಮ್ಮ ಮನಿತನದಾಗ ಡಿಗ್ರಿ? ಆಗೂದಲ್ಲ ಬಿಡು" ಎಂದವನು ಇಂಡಿ ಊರಿನ ನನ್ನ ಸೋದರಮಾವ. ಹಾಗೆಂದವನೇ ಆ ಮಂಗಳವಾರ ಸಿಂದಗಿಯ ಕಂಪ್ಯೂಟರ್ ಸೆಂಟರಿಗೆ ನನ್ನ ಜೊತೆ ಬಂದ. ಹೆಣ್ಣುಮಗಳು ಒಬ್ಬಳೇ ಕೂಡಬಾರದೆಂದು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತ.

ಬಿ.ಸಿ.ಎ. ಕೊನೆಯ ವರ್ಷ. ನನ್ನ ಪ್ರಾಜೆಕ್ಟು ಊರ ಗ್ರಂಥಾಲಯದ ಪುಸ್ತಕಪಟ್ಟಿ. ನಮಗೆ ಸಿಕ್ಕಿದ್ದ ಡೇಟಾಬೇಸು ಕನ್ನಡ ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸುತ್ತಿರಲಿಲ್ಲ. ಅದರ ಸೋರ್ಸ್ ಕೋಡ್ ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದಾದದ್ದು, ನಾನು ತಿದ್ದಿದ್ದೆ. ತಿದ್ದಿದ ಮೇಲೆ ಇಡೀ ಎಂಜಿನ್ನನ್ನೇ ಕಂಪೈಲ್ ಮಾಡಬೇಕು, ಅಂದರೆ ಆ ಕೋಡಿನ ರಾಶಿಯಿಂದ ಓಡುವ ಪ್ರೋಗ್ರಾಂ ಕಟ್ಟಬೇಕು. ಶನಿವಾರ ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಅದು ಓಡದಿದ್ದರೆ ನಾನು ಫೇಲು, ಮಾವ ಪಾಸು.

"ಇವತ್ತ ಅಮಾಸಿ. ಹೊಸಾ ಕೆಲಸ ಚಾಲೂ ಮಾಡ್ತಾರೇನ? ಸೋಮವಾರ ಮಾಡು" ಅಂದ ಮಾವ.

"ಸೋಮವಾರ ಅಂದ್ರ ಪರೀಕ್ಷೀನ ಮುಗದಿರತೈತಿ, ಮಾವಾ."

"ಹಂಗಾರ ಏಳು, ಮನಿಗೆ ಹೋಗೂಣು."

ವಾದ ಮಾಡಿ ಯಾರು ಗೆದ್ದಿದ್ದಾರೆ ಆ ಮನುಷ್ಯನ ಹತ್ತಿರ? ಕಂಪ್ಯೂಟರಿನ ತಾರೀಖನ್ನೇ ಬರುವ ಸೋಮವಾರಕ್ಕೆ ಸರಿಸಿದೆ. "ನೋಡು, ಇದಕ್ಕ ಇವತ್ತ ಸೋಮವಾರ." ಮಾವ ಪರದೆಯನ್ನು ದಿಟ್ಟಿಸಿ, ಕಂಪ್ಯೂಟರಿನ ಪೆಟ್ಟಿಗೆಗೆ ವಿಭೂತಿ ಹಚ್ಚಿ, "ಹಾಂ, ಈಗ ಹೊಡಿ" ಅಂದ. ಕಂಪೈಲಿಗೆ ಮೊದಲು ಬೇಕಾದ ಸಿದ್ಧತೆಯ ಫೈಲುಗಳು ತಯಾರಾದ ಮೇಲೆ ತಾರೀಖನ್ನು ಮತ್ತೆ ಮಂಗಳವಾರಕ್ಕೆ ತಂದೆ. ಎಂಥ ಜಾಣೆ ಎಂದು ನನಗೇ ಹೆಮ್ಮೆ.

ಕಂಪೈಲಿಗೆ ಆರು ತಾಸು ಬೇಕು. ಕರೆಂಟು ಒಂದು ಸಲಕ್ಕೆ ಮೂರು ತಾಸು. ನಿಂತಲ್ಲಿಂದ ಮುಂದುವರಿಯಬೇಕಿದ್ದ ಕೆಲಸ ಕರೆಂಟು ಬಂದಾಗಲೆಲ್ಲ ಮೊದಲ ಫೈಲಿನಿಂದ ಶುರುವಾಗುತ್ತಿತ್ತು. ಬುಧವಾರ ಹಾಗೆ. ಗುರುವಾರವೂ ಹಾಗೆ. ನನಗೆ ಕೀಬೋರ್ಡು ಎತ್ತಿ ಒಗೆಯುವಷ್ಟು ಸಿಟ್ಟು.

"ಎತ್ತ ಗಾಣ ಸುತ್ತಿದಂಗ ಆತಲ್ಲ" ಎಂದು ಮಾವ ಬಾಗಿಲಿಂದಲೇ ನಕ್ಕ.

"ನೀ ಸುಮ್ಮನ ಕೂಡ್ತಿಯಿಲ್ಲ?"

ಶುಕ್ರವಾರ ಬೆಳಿಗ್ಗೆ, ಮೂರು ದಿನದಿಂದ ಪರದೆಯ ಮೇಲೆ ಬರುತ್ತಲೇ ಇದ್ದ ಒಂದು ಸಾಲನ್ನು ಕೊನೆಗೂ ಓದಿದೆ. ಈ ಫೈಲಿನ ತಾರೀಖು ಇನ್ನೂ ಬಂದಿಲ್ಲ ಎಂದು ಅದು ಎಚ್ಚರಿಸುತ್ತಿತ್ತು. ಸಿದ್ಧತೆಯ ಫೈಲುಗಳ ಮೇಲೆ ಮುಂದಿನ ಸೋಮವಾರದ ತಾರೀಖು ಕೂತಿತ್ತು! ಕಟ್ಟಿದ್ದಕ್ಕಿಂತ ಅವೇ ಹೊಸವೆಂದು ಯಂತ್ರ ಪ್ರತಿಸಲ ಎಲ್ಲವನ್ನೂ ಹೊಸದಾಗಿ ಕಟ್ಟುತ್ತಿತ್ತು. ತಪ್ಪು ಯಂತ್ರದ್ದಲ್ಲ, ಕರೆಂಟಿನದೂ ಅಲ್ಲ. ನನ್ನದು.

ಫೈಲುಗಳ ತಾರೀಖನ್ನೆಲ್ಲ ಶುಕ್ರವಾರಕ್ಕೆ ತಂದೆ. ಮಾವನಿಗೂ ಹೇಳಿದೆ. ಅವನು ಪೆಟ್ಟಿಗೆಗೆ ಇನ್ನೊಮ್ಮೆ ವಿಭೂತಿ ಹಚ್ಚಿದ. ಅಂದು ಕರೆಂಟು ಹೋಗಿ ಬಂದಾಗ ಕೆಲಸ ನಿಂತಲ್ಲಿಂದಲೇ ಮುಂದುವರಿಯಿತು. ಸಂಜೆಗೆ ಮುಗಿಯಿತು. ಮರುದಿನ ಬಾಗೇವಾಡಿ ಬಸ್ಸಿನಲ್ಲಿ ಸೆಂಟರಿನವರು ಒಂದು ದಿನಕ್ಕೆಂದು ಕೊಟ್ಟ ಕಂಪ್ಯೂಟರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡವನು ಮಾವನೇ. ಮುದ್ದೇಬಿಹಾಳದಿಂದ ಬಂದ ಪರೀಕ್ಷಕರು ತಮಗೆ ತೋಚಿದ ಹತ್ತು ಹೆಸರು ಹೊಡೆದು ನೋಡಿದರು. ಹತ್ತೂ ಅಕಾರಾದಿಯಲ್ಲಿ ನಿಂತವು.

ರಿಸಲ್ಟು ಬಂದ ಮೇಲೆ ಪ್ರಾಂಶುಪಾಲರು ಕೊಟ್ಟ ಡಿಗ್ರಿ ಸರ್ಟಿಫಿಕೇಟನ್ನು ನೇರ ಇಂಡಿಗೆ ಒಯ್ದು ಮಾವನ ಕೈಗಿಟ್ಟೆ. ಅವನು ಧೋತರಕ್ಕೆ ಕೈ ಒರೆಸಿಕೊಂಡು ಹಿಡಿದ. ಇಂಗ್ಲಿಷು ಬಾರದು, ಅಂಕಿ ಬರುತ್ತವೆ. ಕೆಳಗಿನ ಮೂಲೆಯ ಮೇಲೆ ಬೆರಳಿಟ್ಟ.

"ಈ ತಾರೀಖು ಖರೇ ಐತೋ, ಇದನ್ನೂ ನೀನ ಸರಿಸೀಯೋ?"