ಸಿಡಿಯದ ಮದ್ದು

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ನನ್ನ ಓದು ನಿಂತಿತು. ದೊಡ್ಡಬಳ್ಳಾಪುರದ ಮಿಡಲ್ ಸ್ಕೂಲು ಬಿಟ್ಟವನು ನೇರ ಮಾಕಳಿದುರ್ಗದ ಬುಡದ ಕಲ್ಲುಗಣಿಗೆ ಹೋದೆ. ಅಕ್ಕನ ಗಂಡ ಅಲ್ಲಿ ಬಂಡೆಗೆ ಮದ್ದಿಡುತ್ತಿದ್ದ. ಅವನ ಕೈಕೆಳಗೆ ಕೆಲಸ ಕಲಿತೆ. ಗಣಿಯಲ್ಲಿ ಒಂದು ಕಟ್ಟಳೆ ಇತ್ತು. ಮದ್ದು ಸಿಡಿಯದಿದ್ದರೆ ಬತ್ತಿ ಹಚ್ಚಿದವನೇ ಹೋಗಿ ನೋಡಬೇಕು. ಅದನ್ನು ಇನ್ನೊಬ್ಬನ ಕಾಲಿಗೆ ಬಿಟ್ಟು ಬಂದವನಿಗೆ ಯಾರೂ ಒಂದು ಬೀಡಿ ಕೂಡ ಕೊಡುತ್ತಿರಲಿಲ್ಲ.

ಯುದ್ಧ ಮುಗಿದು ನಾಲ್ಕೈದು ವರ್ಷದ ಮೇಲೆ, ಸಮುದ್ರದಲ್ಲಿ ಮದ್ದು ಸಿಡಿಸಲು ಜನ ಬೇಕೆಂದು ಮೇಸ್ತ್ರಿ ಹೇಳಿದ. ಕೆಲವು ವರ್ಷ ಹಿಂದೆ ಅರಬ್ಬಿ ಸಮುದ್ರದ ತಳ ನಡುಗಿ, ನೀರು ಎದ್ದು ಬಂದು ದಂಡೆಯ ಊರುಗಳನ್ನು ಎಳೆದುಕೊಂಡು ಹೋಗಿತ್ತು. ತಳದ ಬಂಡೆ ಎಲ್ಲಿ ಸೀಳಿದೆಯೆಂದು ಹುಡುಕಲು ಎರಡು ಹಡಗು ಹೊರಟಿದ್ದವು. ಕೂಲಿ ಚೆನ್ನಾಗಿತ್ತು. ನಾನು ಹೊರಟೆ, ಭಾವನನ್ನೂ ಹೊರಡಿಸಿದೆ. ಅಕ್ಕ ಆಗ ತುಂಬು ಬಸುರಿ.

"ಕರ್ಕೊಂಡ್ ಹೋಗ್ತಿರೋನು ನೀನು. ಕರ್ಕೊಂಡ್ ಬರೋನೂ ನೀನೇ ಕಣೋ," ಎಂದಳು.

ಮದ್ದಿನ ಡಬ್ಬದ, ನೀರಲ್ಲೂ ಆರದ ಬತ್ತಿ ಹಚ್ಚಿ ನೀರಿಗಿಳಿಸಿ, ಹಗ್ಗ ಬಿಡುತ್ತಾ ನಮ್ಮ ಹಡಗು ಮುಂದೆ ಸರಿಯುವುದು. ಸಿಡಿದ ಸದ್ದು ತಳದ ಬಂಡೆ ಹೊಕ್ಕು, ದೂರ ನಿಂತ ಇನ್ನೊಂದು ಹಡಗಿನ ಯಂತ್ರದಲ್ಲಿ ಗೆರೆಯಾಗಿ ಮೂಡುವುದು. ಸುತ್ತಿಗೆ ಬಡಿದು ಸದ್ದಿನಲ್ಲೇ ಬಂಡೆಯ ಬಿರುಕು ಹಿಡಿಯುವ ನಮಗೆ ಇದೇನೂ ಹೊಸದೆನಿಸಲಿಲ್ಲ.

"ಎಲ್ಲಾ ಸರಿ ಕಣ್ಲಾ ಬಾಮೈದ, ಬತ್ತಿ ಹಚ್ಚಿ ಓಡೋದೆಲ್ಲಿಗೆ?" ಎಂದು ಭಾವ ಮೊದಲ ದಿನ ನಕ್ಕ.

"ಓಡೋದು ಹಡಗು. ನೀನು ಸುಮ್ನೆ ನಿಂತ್ಕೋ ಭಾವ."

ಸಿಡಿಯದಿದ್ದರೆ ಹಗ್ಗ ಕತ್ತರಿಸಿ ಮುಂದೆ ಹೋಗಬೇಕೆಂದು ಹಡಗಿನವರ ಆಜ್ಞೆ. ಒಂದು ಬೆಳಿಗ್ಗೆ ಸಿಡಿಯಲಿಲ್ಲ. ಸೊಂಟಕ್ಕೆ ಕೈ ಹಾಕಿದೆ, ಚೂರಿ ಇರಲಿಲ್ಲ. ಅಷ್ಟರಲ್ಲಿ ಭಾವ ಹಗ್ಗ ಹಿಡಿದು ಎಳೆಯತೊಡಗಿದ್ದ.

"ಬಿಡು ಭಾವ, ಇದು ಗಣಿಯಲ್ಲ."

"ಗಣಿ ಅಲ್ದಿದ್ರೆ ಜನ ಓಡಾಡಲ್ವೇನ್ಲಾ? ನಾಳೆ ಯಾವನೋ ಮೀನು ಹಿಡಿಯೋನ ಬಲೆಗೆ ಬೀಳ್ತದೆ. ಹಚ್ಚಿದೋನು ನಾನು."

ಚೂರಿ ತರಲು ಕೆಳಗೆ ಓಡಿದೆ. ಮೆಟ್ಟಿಲಲ್ಲಿದ್ದಾಗ ಹಡಗು ಒಮ್ಮೆ ಎದ್ದು ಬಿತ್ತು. ನನ್ನ ಎಡಗಿವಿ ಆಗಲೇ ಹೋಯಿತು.

ಭಾವನ ಮೈಯಲ್ಲಿ ಸಿಕ್ಕಷ್ಟನ್ನು ಬಟ್ಟೆಯಲ್ಲಿ ಸುತ್ತಿ ಸಮುದ್ರಕ್ಕೇ ಬಿಟ್ಟೆವು. ಸಂಜೆ ಇನ್ನೊಂದು ಹಡಗಿನಿಂದ ಸುದ್ದಿ ಬಂತು. ಮದ್ದು ನೀರಿನ ಮೇಲೆಯೇ ಸಿಡಿದದ್ದರಿಂದ ಆ ಗೆರೆ ಲೆಕ್ಕಕ್ಕೆ ಬಾರದು, ಅದೇ ಜಾಗದಲ್ಲಿ ಮತ್ತೆ ಸಿಡಿಸಬೇಕು. ಮರುದಿನ ಬತ್ತಿ ಹಚ್ಚಿದವನು ನಾನು. ಗೆರೆ ಚೆನ್ನಾಗಿ ಬಂತಂತೆ. ಸೀಳು ಅಲ್ಲೇ ಇತ್ತಂತೆ.

ತಂತಿ ನನಗಿಂತ ಮೊದಲೇ ಊರು ಮುಟ್ಟಿತ್ತು. ಅಕ್ಕ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಿ ಮಣ್ಣು ಮಾಡಿದ್ರಿ?"

"ಅಲ್ಲಿ ಮಣ್ಣೆಲ್ಲಿ ಬರ್ಬೇಕಕ್ಕ. ನೀರಿಗೆ ಬಿಟ್ವಿ."

ಅವಳು ಒಳಗೆ ಹೋದಳು.

ಮತ್ತೆ ಗಣಿಗೇ ಹೋದೆ. ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಈಗ ನನಗಿರುವುದು ಎರಡು ಎಕರೆ ರಾಗಿ ಹೊಲ, ನಾನೇ ಒಡೆದ ಕಲ್ಲಿನ ಮನೆ, ಕೇಳುವ ಒಂದು ಕಿವಿ, ಶಾಲೆಗೆ ಹೋಗುವ ಅಕ್ಕನ ಮಗ, ದಿನಾ ಮುದ್ದೆ ಬಡಿಸುವ, ನನ್ನೊಡನೆ ಮಾತಾಡದ ಅಕ್ಕ.